ಹದಿನೇಳನೆಯ ಊರಿನ ಕೂಗು ಮತ್ತು ನಿಮ್ಮ ಚಹಾ ವಿರಾಮ

ಗೋಡೆ ಶಕೆ ನೂರಹನ್ನೆರಡು, ಎರಡನೆಯ ಆಷಾಢ, ಮೂವತ್ತನಾಲ್ಕನೆಯ ದಿನ
ಅಘನಾಶಿನಿ ಕಡಲಗೋಡೆ, ಒಡಲಮನೆ

ಕರ್ನಲ್ ಮತ್ತು ನೆಟ್‌ವರ್ಕಿಂಗ್ ವಸತಿ ಶಿಬಿರದ ಸಮಸ್ತ ಶಿಬಿರಾರ್ಥಿಗಳಿಗೆ, ಅದರಲ್ಲೂ ಹಿಂದಿನ ಸಾಲಿನಲ್ಲಿ ಕಿಟಕಿ ಪಕ್ಕ ಕುಳಿತಿದ್ದ ನಿರಂಜನ ಹಾವನೂರ ಅವರಿಗೆ,

ಆಷಾಢಕ್ಕೆ ಮೂವತ್ತನಾಲ್ಕನೆಯ ದಿನ ಎಲ್ಲಿಂದ ಬಂತು ಎಂದು ನಿಮ್ಮಲ್ಲೊಬ್ಬರು ಈಗಾಗಲೇ ನಕ್ಕಿರುತ್ತಾರೆ. ನಮ್ಮ ತಿಂಗಳುಗಳು ಕಡಲಿನ ಭರತದ, ನೀವು ಉಬ್ಬರ ಅನ್ನುವುದರ, ಲೆಕ್ಕದಲ್ಲಿ ನಡೆಯುತ್ತವೆ. ನೀರು ಇಳಿಯುವವರೆಗೆ ತಿಂಗಳು ಮುಗಿಯುವುದಿಲ್ಲ. ನನ್ನ ಮಾತಿನಲ್ಲಿ ಇಂಥ ವಿಚಿತ್ರಗಳು ಇನ್ನೂ ಬರುತ್ತವೆ, ಅದಕ್ಕೆ ಮೊದಲೇ ಕ್ಷಮೆ ಕೇಳುವುದು ಹಿಂದಂಚೆಯ ರೂಢಿ. ಕೇಳಿದ್ದೇನೆ ಎಂದುಕೊಳ್ಳಿ. ಅದಕ್ಕಿಂತ ಹೆಚ್ಚಿನ ಮರ್ಯಾದೆಯನ್ನು ನನ್ನಿಂದ ನಿರೀಕ್ಷಿಸಬೇಡಿ. ಹಿಂದಂಚೆ ಎಂದರೆ ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಅಂಚೆ. ಒಬ್ಬರಿಗೆ ಜನ್ಮಕ್ಕೆ ಒಂದೇ ಕಾಗದ. ನನ್ನ ಓರಗೆಯವರೆಲ್ಲ ತಮ್ಮ ತಮ್ಮ ಮುತ್ತಜ್ಜಿಯರಿಗೆ ಕ್ಷೇಮ ಸಮಾಚಾರ ಬರೆದು ಮುಗಿಸಿದರು. ನಾನು ಮಾತ್ರ ಇರುವ ಒಂದು ಕಾಗದವನ್ನು ನಿಮ್ಮಂಥವರ ಮೇಲೆ ಖರ್ಚು ಮಾಡುತ್ತಿದ್ದೇನೆ. ಹೊಟ್ಟೆ ಉರಿಯುತ್ತದೆ.

ಇದು ನಿಮಗೆ ಶಿಬಿರದ ಕೊನೆಯ ದಿನ, ಮೆಟ್ಟಿಲ ಮೇಲೆ ನಿಂತು ಗುಂಪು ಫೋಟೋ ತೆಗೆಸಿಕೊಂಡ ಮೇಲೆ ಕೈಸೇರುತ್ತದೆ. ಆಗ ನಿಮ್ಮ ಕೈಯಲ್ಲಿ ಸರ್ಟಿಫಿಕೇಟ್ ಇರುತ್ತದೆ, ಮುಖದಲ್ಲಿ ಏನೋ ಕಡಿದು ಗುಡ್ಡೆ ಹಾಕಿದ ಕಳೆ ಇರುತ್ತದೆ. ಇದನ್ನು ಫೋನಿನಲ್ಲಿ ಫೋಟೋ ಹೊಡೆದು, ನಗುವ ಮುಖದ ಚಿತ್ರ ಅಂಟಿಸಿ ಗ್ರೂಪಿಗೆ ಹಾಕುತ್ತೀರಿ ಎಂಬುದೂ ನನಗೆ ಗೊತ್ತು. ಹಾಕಿ. ಆದರೆ ನಿರಂಜನ ಹಾವನೂರ ಅವರು ಬಸ್ಸು ಹತ್ತುವ ಮೊದಲು ಇದನ್ನು ಪೂರ್ತಿ ಓದಬೇಕು.

ನಾನು ಯಮುನೆ ಅಂಬಿಗ. ಒಡಲೋದಿನವಳು. ನೀವು ಕರ್ನಲ್ ಅನ್ನುವುದನ್ನು ನಾವು ಒಡಲು ಅನ್ನುತ್ತೇವೆ: ಯಂತ್ರದೊಳಗೆ ಎಲ್ಲಕ್ಕಿಂತ ಕೆಳಗೆ ಕುಳಿತು, ಯಾರಿಗೆ ಎಷ್ಟು ಜಾಗ, ಯಾರ ಸರದಿ ಯಾವಾಗ, ಹೊರಗಿನಿಂದ ಬಂದ ಯಾವ ಮಾತನ್ನು ಒಳಗೆ ಬಿಡಬೇಕು ಎಂದು ತೀರ್ಮಾನಿಸುವ ಭಾಗ. ಅದನ್ನು ಓದಲು ಬಲ್ಲವರು ಈ ಗೋಡೆಯುದ್ದಕ್ಕೂ ನಾವು ಬೆರಳೆಣಿಕೆಯಷ್ಟು ಮಂದಿ. ಬರೆಯಬಲ್ಲವರು ಯಾರೂ ಇಲ್ಲ. ನಿಮ್ಮ ಕಾಲದವರು ಬರೆದದ್ದನ್ನೇ ನಾವು ಇನ್ನೂ ಉಸಿರು ಬಿಗಿ ಹಿಡಿದು ನಡೆಸುತ್ತಿದ್ದೇವೆ. ಅಘನಾಶಿನಿ ಹೊಳೆ ಕಡಲು ಸೇರುವಲ್ಲಿ ಈಗ ಉದ್ದನೆಯ ಗೋಡೆ ಇದೆ, ಅದಕ್ಕೊಂದು ಕಡಲಬಾಗಿಲಿದೆ. ಒಳಗೆ ನಮ್ಮ ಪೇಟೆ, ಹೊರಗೆ ದಿಬ್ಬದ ಮೇಲೊಂದು ದಿಬ್ಬದ ಮೇಲೊಂದು ಕುಳಿತ ಹೊರಗೋಡೆ ಊರುಗಳು. ಆ ಊರುಗಳಿಗೆ ಹೆಸರಿಲ್ಲ, ಅಂಕಿಗಳಿವೆ. ಅಲ್ಲಿಯವರು ಸಿಗಡಿ ಸಾಕುತ್ತಾರೆ, ಉಪ್ಪು ತೆಗೆಯುತ್ತಾರೆ, ಚಿಪ್ಪಿ ಆರಿಸುತ್ತಾರೆ. ದೊಡ್ಡ ಭರತ ಏರಿತೆಂದರೆ ದೋಣಿ ಹತ್ತಿ ಗೋಡೆಯ ಒಳಗೆ ಬಂದು, ನೀರು ಇಳಿದ ಮೇಲೆ ಹಿಂದಿರುಗುತ್ತಾರೆ. ಹೊರಡುವ ಮೊದಲು ಪ್ರತಿ ಊರಿನ ಕೂಗುವವಳು ತನ್ನ ಕೂಗುಪೆಟ್ಟಿಗೆಯಿಂದ ಬಾಗಿಲಿಗೆ ಒಂದು ಮಾತು ಕಳಿಸುತ್ತಾಳೆ: ನಾವು ಬರುತ್ತಿದ್ದೇವೆ, ತಡೆಯಿರಿ. ಬಾಗಿಲಿನ ಯಂತ್ರ ಅದನ್ನು ಕೇಳಿಸಿಕೊಂಡು ಮರುಕೂಗು ಕೊಡುತ್ತದೆ, ಪೆಟ್ಟಿಗೆ ಗುಂಯ್ ಎನ್ನುತ್ತದೆ, ಆ ಊರಿನ ದೋಣಿಗಳು ಒಳಗೆ ಬರುವವರೆಗೆ ಬಾಗಿಲು ಕಾಯುತ್ತದೆ. ಕೂಗದ ಊರಿಗೆ ಬಾಗಿಲು ಕಾಯುವುದಿಲ್ಲ.

ಹದಿನೇಳನೆಯ ಊರು ಯಾವತ್ತೂ ಕೂಗಿಲ್ಲ. ಹಾಗೆಂದು ಪೇಟೆಯವರ ನಂಬಿಕೆ. ಬಾಗಿಲು ತಮಗೆ ಕಾಯುವುದಿಲ್ಲ ಎಂದು ಗೊತ್ತಿದ್ದ ಅಲ್ಲಿಯ ಜನ ಎಲ್ಲರಿಗಿಂತ ಮೊದಲೇ ಓಡಿಬರುತ್ತಾರೆ. ಒಲೆಯ ಮೇಲಿನ ಗಂಜಿ ಒಲೆಯ ಮೇಲೇ, ಒಣಗಲು ಹಾಕಿದ ಬಟ್ಟೆ ಹಗ್ಗದ ಮೇಲೇ. ಅದಕ್ಕೆ ಅವರಿಗೆ ಅವಸರದವರು ಎಂದು ಹೆಸರು ಬಿತ್ತು. ನಮ್ಮ ಪೇಟೆಯಲ್ಲಿ ಕೆಲಸ ಕೆಡಿಸಿದವರನ್ನು "ಹದಿನೇಳು" ಎಂದು ಬೈಯುತ್ತಾರೆ, ಮಕ್ಕಳು ಕೂಡ. ಪೆಟ್ಟಿಗೆ ಕೆಟ್ಟಿರಬಹುದೆಂದು ಒಮ್ಮೆ ಬೇರೆ ಪೆಟ್ಟಿಗೆ ಕಳಿಸಿದರು. ಬೇರೆ ಊರಿನಲ್ಲಿ ಚೆನ್ನಾಗಿ ಕೂಗುತ್ತಿದ್ದ ಪೆಟ್ಟಿಗೆ ಹದಿನೇಳಕ್ಕೆ ಹೋದ ಕೂಡಲೇ ಮೂಕವಾಯಿತು. ಅಲ್ಲಿಗೆ ಮುಗಿಯಿತು. ಪೆಟ್ಟಿಗೆಯದು ತಪ್ಪಿಲ್ಲ ಅಂದ ಮೇಲೆ ತಪ್ಪು ಜನರದೇ ಎಂದಾಯಿತು.

ಆ ಊರಿನ ಕೂಗುವವಳು ನನ್ನ ಅಕ್ಕ ಬೀರಮ್ಮ. ಅಲ್ಲಿಗೆ ಮದುವೆಯಾಗಿ ಹೋದಂದಿನಿಂದ ಅವಳಿಗೆ ಅದೇ ಕೆಲಸ. ಒಂದು ಭರತವನ್ನೂ ತಪ್ಪಿಸದೆ ಕೂಗಿದ್ದಾಳೆ, ಜ್ವರದಲ್ಲಿ ಮಲಗಿದಾಗಲೂ ಎದ್ದು ಕುಳಿತು ಕೂಗಿದ್ದಾಳೆ, ಗಂಡನ ಹೆಣ ಅಂಗಳದಲ್ಲಿದ್ದಾಗಲೂ ಒಳಗೆ ಹೋಗಿ ಕೂಗಿ ಬಂದಿದ್ದಾಳೆ. ಆ ಗಂಡ ಸತ್ತದ್ದು ಹೇಗೆಂದರೆ, ಹಿಂದುಳಿದ ಅವನ ದೋಣಿಗಾಗಿ ಕಾಯದೆ ಮುಚ್ಚಿಕೊಂಡ ಬಾಗಿಲಿನ ಹೊರಗೆ. ಅವಳಿಗೆ ಒಮ್ಮೆಯೂ ಮರುಕೂಗು ಬಂದಿಲ್ಲ. ಮೊದಮೊದಲು ಪೆಟ್ಟಿಗೆಯನ್ನು ಬೈಯುತ್ತಿದ್ದಳು. ಆಮೇಲಾಮೇಲೆ ತನ್ನ ಕೈಯನ್ನೇ ಬೈದುಕೊಳ್ಳತೊಡಗಿದಳು. "ನನ್ ಕೈಗುಣವೇ ಸಮ ಇಲ್ಲ ತಂಗೀ, ಎಂತ ಮಾಡೂದು," ಎಂದು ಅವಳು ನಗುವಾಗ ನನಗೆ ಮೈಯೆಲ್ಲ ಬೆಂಕಿಯಾಗುತ್ತಿತ್ತು. ಯಾರ ಮೇಲೆ ಎಂದು ಆಗ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ, ಅದಕ್ಕೇ ಈ ಕಾಗದ.

ಇನ್ನು ನಿಮ್ಮ ಶಿಬಿರದ ವಿಷಯಕ್ಕೆ ಬರುತ್ತೇನೆ. ನೀವು ಅದನ್ನು ಚಿತ್ರೀಕರಿಸಿದ್ದಿರಲ್ಲ, ಹಿಂದಿನ ಗೋಡೆಗೆ ಕ್ಯಾಮೆರಾ ಒರಗಿಸಿ? ನಿಮ್ಮ ಕಾಲದ ಪುಸ್ತಕ, ಪಾಠ, ಪಂಡಿತರು ಎಲ್ಲ ನೀರುಪಾಲಾಯಿತು, ಆ ದರಿದ್ರ ಚಿತ್ರ ಮಾತ್ರ ಉಳಿಯಿತು. ಒಡಲಿನ ಬಗ್ಗೆ ನಮಗಿರುವ ಪಾಠ ಅದೊಂದೇ. ಆದ್ದರಿಂದ ನಮ್ಮಲ್ಲೂ ವಸತಿ ಶಿಬಿರ ನಡೆಯುತ್ತದೆ. ಒಡಲೋದು ಕಲಿಯಬಯಸುವವರು ಬಾಗಿಲಿನ ಯಂತ್ರವಿರುವ ಈ ಒಡಲಮನೆಯಲ್ಲಿ ಉಳಿದು ನಿಮ್ಮನ್ನು ನೋಡುತ್ತಾರೆ. ಬರೀ ನೋಡುವುದಿಲ್ಲ, ನೀವು ಮಾಡಿದ್ದನ್ನೆಲ್ಲ ಮಾಡುತ್ತಾರೆ. ಯಾವುದು ಪಾಠ, ಯಾವುದು ನಿಮ್ಮ ಚಪಲ ಎಂದು ಬೇರ್ಪಡಿಸುವ ಧೈರ್ಯ ನಮ್ಮ ಹಿರಿಯರಿಗೆ ಇರಲಿಲ್ಲ. ನೀವು ಮೊದಲ ದಿನವಿಡೀ ಲ್ಯಾಪ್‌ಟಾಪಿನಲ್ಲಿ ಏನೇನೋ ಇನ್‌ಸ್ಟಾಲ್ ಮಾಡಲಾಗದೆ ತಲೆ ಕೆರೆದುಕೊಂಡಿರಿ, ನಮ್ಮವರು ಮೊದಲ ದಿನ ಭಕ್ತಿಯಿಂದ ತಲೆ ಕೆರೆದುಕೊಳ್ಳುತ್ತಾರೆ. ನೀವು ಪರದೆಯ ಮೇಲಿನ ಕೋಡನ್ನು ಓದದೆ ಫೋನೆತ್ತಿ ಫೋಟೋ ಹೊಡೆದಿರಿ, ನಮ್ಮವರು ಬರಿಗೈ ಎತ್ತಿ ಹಿಡಿಯುತ್ತಾರೆ. ಮೇಷ್ಟ್ರು ಬಾಳಿಗಾ ಅವರು ಪಾಪ, ಯಂತ್ರ ಎದ್ದು ನಿಲ್ಲುವಾಗ ಒಡಲಿನಲ್ಲಿ ಮೊದಲು ಏನೇನಾಗುತ್ತದೆ ಎಂದು ಬೆವರು ಸುರಿಸಿ ವಿವರಿಸಿ, "ಏನಾದ್ರೂ ಡೌಟ್ ಇದೆಯಾ?" ಎಂದು ಕೇಳಿದಾಗ ಮುಂದಿನ ಸಾಲಿನ ಒಬ್ಬ ಮಹಾನುಭಾವ ಎದ್ದು, "ಸರ್, ಸರ್ಟಿಫಿಕೇಟ್ ಯಾವಾಗ ಕೊಡ್ತೀರಾ?" ಎಂದ. ಆ ಪ್ರಶ್ನೆಯನ್ನು ನಮ್ಮಲ್ಲಿ ಎಲ್ಲರೂ ಎದ್ದು ನಿಂತು ಒಕ್ಕೊರಲಿನಿಂದ ಹೇಳುತ್ತಾರೆ. ಸರ್ಟಿಫಿಕೇಟ್ ಎಂದರೆ ಏನೆಂದು ಒಬ್ಬರಿಗೂ ಗೊತ್ತಿಲ್ಲ. ಥೂ, ನಿಮ್ಮ ಜನ್ಮಕ್ಕಿಷ್ಟು.

ಮೂರನೆಯ ದಿನದ ಮಧ್ಯಾಹ್ನ ಒಂದು ಕಡೆ ನೀವೆಲ್ಲ ಜೋರಾಗಿ ನಗುತ್ತೀರಿ. ನಾವೂ ಅಲ್ಲಿ ನಗುತ್ತೇವೆ. ನಮ್ಮ ಅಜ್ಜಂದಿರು ನಕ್ಕರು, ಅಪ್ಪಂದಿರು ನಕ್ಕರು, ಕಲಿಯಲು ಬಂದಾಗ ನಾನೂ ನಕ್ಕೆ. ಯಾಕೆ ಎಂದು ಕೇಳಬಾರದು. ಅದು ನಗುವ ಜಾಗ, ಅಷ್ಟೆ.

ಆ ಮಧ್ಯಾಹ್ನದ ಪಾಠ ಕಾವಲಿನ ಪಾಠ. ಹೊರಗಿನಿಂದ ಬರುವ ಪ್ರತಿ ಪ್ಯಾಕೆಟ್ಟನ್ನು, ಅಂದರೆ ನಾವು ಕೂಗು ಎನ್ನುವುದನ್ನು, ಒಡಲಿನ ಬಾಗಿಲಲ್ಲಿ ನಿಲ್ಲಿಸಿ ಕಳಿಸಿದವರ ವಿಳಾಸ ನೋಡಿ, ಬೇಕಾದ್ದನ್ನು ಬಿಡುವ, ಬೇಡದ್ದನ್ನು ಬಿಸಾಡುವ ಒಂದು ತುಣುಕು ಬರೆಯಬೇಕು. ಬಾಳಿಗಾ ಮೇಷ್ಟ್ರು, "ಪ್ರಾಕ್ಟೀಸಿಗೆ ಪಕ್ಕದವರ ಪ್ಯಾಕೆಟ್ ಡ್ರಾಪ್ ಮಾಡಿ ನೋಡಿ," ಎಂದರು. ನಿರಂಜನರೇ, ನೀವು ನಿಮ್ಮ ಪಕ್ಕ ಕುಳಿತಿದ್ದ ಸುಚೇತಾ ಬೀಳಗಿಯವರ ಯಂತ್ರದ ವಿಳಾಸವನ್ನು ಆ ತುಣುಕಿನಲ್ಲಿ ಬರೆದಿರಿ. ಅವರ ಯಂತ್ರ ಹದಿನೇಳನೆಯದು. ಅವರಿಗೆ ಹೇಳಲಿಲ್ಲ. ಅವರು ಕೇಬಲ್ಲು ತೆಗೆದು ಹಾಕಿದರು, ಯಂತ್ರ ಆರಿಸಿ ಎಬ್ಬಿಸಿದರು, ಕೊನೆಗೆ ಎದ್ದು ನಿಂತು, "ನಂದೇ ಏನೋ ಮಿಸ್ಟೇಕ್ ಆಗಿದೆ ಸರ್, ಏನು ಕಳ್ಸಿದ್ರೂ ಹೋಗ್ತಾನೇ ಇಲ್ಲ," ಎಂದರು. ಆಗಲೇ ಹಾಲ್ ತುಂಬ ನಗು ಎದ್ದದ್ದು. ನೀವು ಎಲ್ಲರಿಗಿಂತ ಜೋರಾಗಿ ನಕ್ಕಿರಿ, ಬಹಳ ದೊಡ್ಡ ಸಾಧನೆ.

ಅಷ್ಟಕ್ಕೇ ನಿಂತಿದ್ದರೆ ನಿಮ್ಮನ್ನು ಬರೀ ಕಿಡಿಗೇಡಿ ಎಂದು ಬಿಟ್ಟುಬಿಡುತ್ತಿದ್ದೆ. ನೀವು ಆಫೀಸಿಗೆ ಹಿಂದಿರುಗಿ ಅಣೆಕಟ್ಟು, ಬಾಗಿಲುಗಳ ಯಂತ್ರಕ್ಕೆ ಕಾವಲು ಬರೆಯುವ ಕೆಲಸ ಬಂದಾಗ ಹೊಸದಾಗಿ ಬರೆಯುವ ಗೋಜಿಗೆ ಹೋಗುವುದಿಲ್ಲ. ಶಿಬಿರದ ತುಣುಕನ್ನೇ ಎತ್ತಿ ಅಲ್ಲಿಗೆ ಅಂಟಿಸುತ್ತೀರಿ, ಕೆಲಸ ಮಾಡಿತಲ್ಲ ಎಂದು. ಸುಚೇತಾ ಅವರ ವಿಳಾಸದ ಸಾಲು ಅದರಲ್ಲೇ ಉಳಿಯುತ್ತದೆ. ಅದರ ಪಕ್ಕ ನಿಮ್ಮ ಹೆಸರೂ ಟಿಪ್ಪಣಿಯೂ ಇವೆ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ: ಆಮೇಲೆ ತೆಗೆಯೋದು. ಆ ಯಂತ್ರದ ಪಡಿಯಚ್ಚಿನಿಂದ ಇನ್ನೊಂದು, ಅದರ ಪಡಿಯಚ್ಚಿನಿಂದ ಮತ್ತೊಂದು ಎಂದು ಸಾಗಿ ಅದು ನಮ್ಮ ಕಡಲಬಾಗಿಲಿಗೆ ಬಂದು ಕುಳಿತಿತು. ಗೋಡೆ ಕಟ್ಟಿದವರು ಊರುಗಳಿಗೆ ಅಂಕಿ ಕೊಟ್ಟಾಗ, ಅದೇ ಅಂಕಿ ಆ ಊರಿನ ಪೆಟ್ಟಿಗೆಯ ವಿಳಾಸವಾಯಿತು. ಹದಿನೇಳಕ್ಕೆ ಯಾವ ಪೆಟ್ಟಿಗೆ ಹೋದರೂ ಅದಕ್ಕೆ ಸಿಕ್ಕಿದ್ದು ಸುಚೇತಾ ಅವರ ಯಂತ್ರದ್ದೇ ವಿಳಾಸ. ಆಮೇಲೆ ಎನ್ನುವುದು ಬರಲೇ ಇಲ್ಲ, ನಿರಂಜನರೇ. ನನ್ನ ಅಕ್ಕ ಕಳಿಸಿದ ಪ್ರತಿಯೊಂದು ಕೂಗೂ ಬಾಗಿಲವರೆಗೆ ಬಂದಿದೆ, ನಿಮ್ಮ ಕಾವಲು ಅದನ್ನು ನೋಡಿದೆ, ಎತ್ತಿ ಬಿಸಾಡಿದೆ.

ಈ ಸಾಲು ನನ್ನ ಕಣ್ಣಿಗೆ ಬಿದ್ದದ್ದು ಹೋದ ತಿಂಗಳು. ಅದೂ ಸುಮ್ಮನೆ ಹುಡುಕಿದ್ದಲ್ಲ. ಹದಿನೇಳನೆಯ ಊರನ್ನೇ ಪಟ್ಟಿಯಿಂದ ತೆಗೆದುಹಾಕಬೇಕೆಂದು ಪೇಟೆಯನ್ನು ಆಳುವ ಗೋಡೆಸಭೆ ತೀರ್ಮಾನಿಸಿತು. ಈ ಆಷಾಢದ ಭರತ ಇಳಿದ ಮೇಲೆ ಆ ಜನ ತಮ್ಮ ದಿಬ್ಬಕ್ಕೆ ಹಿಂದಿರುಗುವಂತಿಲ್ಲ, ಒಳಗಿನ ಚಿರೆಕಲ್ಲು ಕ್ವಾರಿಯ ಗುಡ್ಡದ ಮೇಲೆ ಬದುಕಬೇಕು, ನೀರಿಲ್ಲದ, ಹುಲ್ಲೂ ಹುಟ್ಟದ ಜಾಗದಲ್ಲಿ. ಕಾರಣ, ಕೂಗುವವಳು ಒಮ್ಮೆಯೂ ಕೂಗದೆ ಕೂಗಿದೆ ಎಂದು ಸುಳ್ಳು ಹೇಳುತ್ತಾ ಬಂದಿದ್ದಾಳೆ. ತುಂಬಿದ ಸಭೆಯಲ್ಲಿ ನನ್ನ ಅಕ್ಕನನ್ನು ನಿಲ್ಲಿಸಿ ಸುಳ್ಳಿ ಎಂದರು. ಅವಳು ತಲೆ ತಗ್ಗಿಸಿ, "ಕೂಗಿದ್ದೆ ಒಡೆಯಾ, ಮುಟ್ಟಲಿಲ್ಲ ಕಾಣ್ತದೆ," ಎಂದಷ್ಟೇ ಹೇಳಿದಳು. ಅಂದೇ ನಾನು ಒಡಲಮನೆಯ ಬಾಗಿಲು ಹಾಕಿಕೊಂಡು ಕಾವಲಿನ ತುಣುಕನ್ನು ಮೊದಲ ಸಾಲಿನಿಂದ ಓದತೊಡಗಿದೆ.

ಸಾಲು ಸಿಕ್ಕಿದ ಮೇಲೆ ಸಭೆಗೆ ಓಡಿದೆ. ಮುಖ್ಯಸ್ಥ ವಿಠೋಬ ಮೇಸ್ತರು ಎಲ್ಲವನ್ನೂ ಕೇಳಿಸಿಕೊಂಡು ಎಲೆಯಡಿಕೆ ಉಗಿದು ಬಂದು ಕುಳಿತರು. "ಅಲ್ಲ ಯಮುನಾ, ಅದು ನಗೂ ಜಾಗ ಅಲ್ಲನೇ? ಹಿರಿಯರು ಅಷ್ಟು ಜನ ಕೂಡಿ ನಕ್ಕಿದ್ದಾರೆ ಅಂದ್ರೆ ಅಲ್ಲಿ ಎಂತದೋ ಒಳ್ಳೇದೇ ಇರ್ತದೆ. ಅದನ್ನ ತೆಗಿಬೇಕಾ ನೀನು?" ಎಂದರು. ತೆಗೆಯಬೇಕಾದರೆ ಯಂತ್ರ ನಿಲ್ಲಿಸಬೇಕು, ಯಂತ್ರ ನಿಂತರೆ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ಮತ್ತೆ ಎಬ್ಬಿಸಲು ಯಾರಿಗೂ ಬಾರದು, ಪೇಟೆಯೇ ಮುಳುಗುತ್ತದೆ ಎಂದು ಉಳಿದವರು ಕೂಗಾಡಿದರು. ಈ ಮಾತು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ: ಒಡಲಿಗೆ ಕೈ ಹಾಕಬೇಕೆಂದರೆ ಯಂತ್ರ ನಿಲ್ಲಲೇಬೇಕು. ಈ ತಪ್ಪು ನಂಬಿಕೆ ಉಳಿದದ್ದೂ ನಿಮ್ಮಿಂದಲೇ. ಹೇಗೆಂದು ಕೇಳಿ.

ನೀವು ನಕ್ಕು ಮುಗಿಸಿದಾಗ ಹೊರಗೆ ಚಹಾದ ಗಂಟೆ ಬಾರಿಸುತ್ತದೆ. ಬಾಳಿಗಾ ಮೇಷ್ಟ್ರ ಬಾಯಲ್ಲಿ ಮಾತು ಇನ್ನೂ ಅರ್ಧವಿದೆ, ನೀವೆಲ್ಲ ಕುರ್ಚಿ ಸರಿಸಿ ಎದ್ದು ಹೋಗುತ್ತೀರಿ, ಬಿಸಿ ಬಜ್ಜಿ ತಣ್ಣಗಾಗಿ ಹೋದೀತು ಎಂದು. ಗಂಟೆ ಕೇಳಿದ ಕೂಡಲೇ ನಮ್ಮ ಶಿಬಿರದವರೂ ಎದ್ದು ಹೋಗುತ್ತಾರೆ. ಅಂದಿನಿಂದ ಇಂದಿನವರೆಗೆ ಎದ್ದು ಹೋಗಿದ್ದಾರೆ. ನಾನು ಕಲಿಯಲು ಬಂದ ವರ್ಷ ನನ್ನ ಕಾಲು ಉಳುಕಿತ್ತು, ಏಳಲಾಗದೆ ಒಬ್ಬಳೇ ಕುಳಿತಿದ್ದೆ. ಖಾಲಿ ಕುರ್ಚಿಗಳ ಮುಂದೆ ನಿಂತು ಆ ಮನುಷ್ಯ ಹೇಳಿದ್ದನ್ನು ಕೇಳಿಸಿಕೊಂಡವಳು ನಾನೊಬ್ಬಳೇ. "ಈ ಮಾಡ್ಯೂಲ್ ತೆಗೀಲಿಕ್ಕೆ ಮಷೀನ್ ನಿಲ್ಲಿಸೋದು ಬೇಡ ನೋಡಿ. ಓಡ್ತಾ ಇರುವಾಗ್ಲೇ ತೆಗೀಬಹುದು, ಸರಿಮಾಡಿ ಮತ್ತೆ ಹಾಕಬಹುದು, ಒಂದೇ ಮಾತು ಸಾಕು," ಎಂದು ಆ ಮಾತನ್ನು ಬೋರ್ಡಿನ ಮೇಲೆ ಬರೆದು, ಯಾರೂ ಇಲ್ಲದ್ದನ್ನು ಕಂಡು, ತಾನೇ ಅಳಿಸಿ, ತಾನೂ ಚಹಾಕ್ಕೆ ಹೋದರು. ಮಾಡ್ಯೂಲ್ ಎಂದರೆ ನಮ್ಮ ತುಣುಕು ಎಂದು ನನಗೆ ಆಗ ಅರ್ಥವಾಗಲಿಲ್ಲ. ಕಾಲು ನೋಯುತ್ತಿತ್ತು. ಒಂದು ತಟ್ಟೆ ಬಜ್ಜಿಗಾಗಿ ನೀವು ಎಂಥ ಮಾತನ್ನು ಬಿಟ್ಟು ಎದ್ದಿರಿ ಎಂದು ಈಗ ಯೋಚಿಸಿದರೆ ನಿಮ್ಮ ತಲೆಯ ಮೇಲೆ ಒಂದೊಂದು ಮೊಟಕಬೇಕು ಅನ್ನಿಸುತ್ತದೆ.

ಸಭೆಯನ್ನು ನಾನು ಮತ್ತೆ ಕೇಳಲಿಲ್ಲ. ಇವತ್ತು ಬೆಳಿಗ್ಗೆ, ಭರತ ಏರುವ ಮೊದಲು, ಬಾಗಿಲು ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿರುವಾಗಲೇ, ಮೇಷ್ಟ್ರು ಬೋರ್ಡಿನ ಮೇಲೆ ಬರೆದಿದ್ದ ಆ ಒಂದು ಮಾತಿನಿಂದ ಕಾವಲಿನ ತುಣುಕನ್ನು ತೆಗೆದೆ, ನಿಮ್ಮ ಸಾಲನ್ನು ಅಳಿಸಿದೆ, ತುಣುಕನ್ನು ಮರಳಿ ಹಾಕಿದೆ. ಬಾಗಿಲು ಅಲುಗಲಿಲ್ಲ. ಪೇಟೆ ಮುಳುಗಲಿಲ್ಲ. ಹೊರಗೆ ಮೀನು ಮಾರುವವಳು ಯಾರ ಜೊತೆಗೋ ಜಗಳವಾಡುತ್ತಿದ್ದಳು. ಅಷ್ಟು ಸಣ್ಣ ಕೆಲಸ ಅದು. ಸ್ವಲ್ಪ ಹೊತ್ತಿನಲ್ಲಿ ಊರುಗಳ ಕೂಗು ಬರತೊಡಗಿತು, ಅವುಗಳ ನಡುವೆ, ಈ ಗೋಡೆ ಕಟ್ಟಿದಂದಿನಿಂದ ಮೊದಲ ಬಾರಿಗೆ, ಹದಿನೇಳರದು: ನಾವು ಬರುತ್ತಿದ್ದೇವೆ, ತಡೆಯಿರಿ. ಬಾಗಿಲು ಮರುಕೂಗು ಕೊಟ್ಟಿತು. ನಾನು ನೆಲದ ಮೇಲೆ ಕುಳಿತು ಗೊಳೋ ಎಂದು ಅತ್ತುಬಿಟ್ಟೆ. ಸಭೆಗೆ ಹೇಳಿಕಳಿಸಿದೆ, ಮೇಸ್ತರು ಬಂದು ಕಣ್ಣಾರೆ ನೋಡಿ, ಕ್ವಾರಿಯ ಮಾತನ್ನು ಸದ್ಯಕ್ಕೆ ಕೈಬಿಟ್ಟಿದ್ದೇವೆ ಎಂದು ಗೊಣಗಿ ಹೋದರು. ಸದ್ಯಕ್ಕಂತೆ.

ಆದ್ದರಿಂದ ನಿರಂಜನರೇ, ಬಸ್ಸು ಹತ್ತುವ ಮೊದಲು ಆ ಸಾಲನ್ನು ಅಳಿಸಿ. ಹಿಂದಂಚೆಯಿಂದ ಇದುವರೆಗೆ ಏನೂ ಬದಲಾದದ್ದಿಲ್ಲ, ಓದುವವರು ನೀವಲ್ಲವೇ, ಆದರೂ ಕೇಳಿದ್ದೇನೆ. ಆಮೇಲೆ ಎನ್ನಬೇಡಿ.

ಕಾಗದವನ್ನು ಇಲ್ಲಿಗೇ ಮುಗಿಸಿ ಮಡಚಿದ್ದೆ. ಅಷ್ಟರಲ್ಲಿ ಅಕ್ಕ ಒಡಲಮನೆಗೆ ಬಂದಳು. ಭರತದಲ್ಲೇ ದೋಣಿ ಹತ್ತಿ, ಕೂಗುಪೆಟ್ಟಿಗೆಯನ್ನು ಸೀರೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಬಂದಿದ್ದಳು. "ಎಂತದೋ ಮಾಡಿಬಿಟ್ಟೆ ಮಾರಾಯ್ತಿ. ಕೂಗಿದೆ, ಗುಂಯ್ ಅಂತ ಬಡ್ಕೊಳ್ಳೂಕೆ ಶುರುವಾತು. ಹೆದ್ರಿ ಆರಿಸಿಬಿಟ್ಟೆ. ಇದೂ ಹಾಳಾತು ಕಾಣ್ತದೆ, ಸಭೆಯವ್ರಿಗೆ ಹೇಳಬೇಡ," ಎಂದಳು. ಬೇರೆ ಊರಿನ ಪೆಟ್ಟಿಗೆಗಳು ಹಾಗೆ ಗುಂಯ್ ಎನ್ನುತ್ತವೆಂದು ಅವಳು ಕೇಳಿದ್ದಳು. ತನ್ನದೂ ಎಂದಾದರೂ ಹಾಗೆ ಎಂದೀತು ಎಂಬ ಆಸೆಯನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

ನಾನು ಅವಳನ್ನು ಕೂರಿಸಿ, ನೀರು ಕೊಟ್ಟು, ಹಾಳಾಗಿಲ್ಲ ಅಕ್ಕಾ, ಬಾಗಿಲು ನಿನ್ನ ಮಾತು ಕೇಳಿತು, ಅದು ಮರುಕೂಗು, ನಿನ್ನ ಕೈ ಯಾವತ್ತೂ ಸರಿಯಾಗಿಯೇ ಇತ್ತು ಎಂದು ಹೇಳಿದೆ. ಅವಳು ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಕೊನೆಗೆ, "ಹಂಗಾರೆ ಇಷ್ಟು ವರ್ಷ ನಾ ಕೂಗಿದ್ದೆಲ್ಲ ಎಲ್ಲಿಗೆ ಹೋತೆ?" ಎಂದು ಕೇಳಿದಳು.

ಒಡಲು ಓದಬಲ್ಲವಳಾದ್ದರಿಂದ ನನಗೆ ಉತ್ತರ ಗೊತ್ತು. ಬಿಸಾಡಿದ ಕೂಗು ಎಲ್ಲಿಗೂ ಹೋಗುವುದಿಲ್ಲ. ಅದು ಇತ್ತು ಎಂಬುದಕ್ಕೂ ಗುರುತು ಉಳಿಯುವುದಿಲ್ಲ. ಅಕ್ಕ ಒಳಗಿನ ಕೋಣೆಯಲ್ಲಿ ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಇನ್ನೂ ಕಾಯುತ್ತಿದ್ದಾಳೆ. ಅವಳ ಮುಖ ನೋಡಿ ಇದನ್ನು ಹೇಳುವುದು ನನ್ನಿಂದಾಗದು. ನಿರಂಜನ ಹಾವನೂರರೇ, ನೀವೇ ಬಂದು ಹೇಳಿ.

ಯಮುನೆ ಅಂಬಿಗ